ಮೂರನೆಯ ಹಳ್ಳ

ಆಯುಧಪೂಜೆಯ ದಿನ ಫ್ಯಾಕ್ಟರಿಯ ಮೈಕಿನಲ್ಲಿ ಮುನಿರತ್ನಳ ಹೆಸರು ಕೂಗಿದಾಗ ಅವಳು ಮೂಲೆಯಲ್ಲಿ ಕೂತು ಕಡಲೆಪುರಿಯ ಪೊಟ್ಟಣ ಕಟ್ಟುತ್ತಿದ್ದಳು. ಎಂಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಾರದವಳು, ಅವಳ ಲೈನಿನಿಂದ ಹೋದ ಗಾಡಿ ವಯರಿನ ಒಂದು ಕಟ್ಟೂ ವಾಪಸ್ ಬಂದದ್ದಿಲ್ಲ ಎಂದೆಲ್ಲ ತಮಿಳಿನಲ್ಲಿ ಹೊಗಳಿ, ಶಾಲು ಹೊದಿಸಿ, ಕೈಗೊಂದು ಲಕೋಟೆ ಕೊಟ್ಟರು. ಇಬ್ಬರಿಗೆ ಮೂರು ದಿನದ ಪ್ರವಾಸ. ಎಲ್ಲಿಗೆ ಎಂಬುದನ್ನು ಅವಳೇ ಆರಿಸಿಕೊಳ್ಳಬೇಕು.

ಆಫೀಸಿನ ಪವಿತ್ರ ಮರುದಿನ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸಿದಳು. ಮೊದಲನೆಯದು ದೋಣಿಮನೆ, ಎರಡನೆಯದು ರೆಸಾರ್ಟು. ಇವೆರಡನ್ನು ನೋಡಿ ಮುನಿರತ್ನ ತಲೆಯಾಡಿಸಿದಳು, ಅಷ್ಟೆ. ಮೂರನೆಯ ಚಿತ್ರದಲ್ಲಿ ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ಧುಮುಕುತ್ತಿತ್ತು. ತಲೆಗೆ ಹೆಲ್ಮೆಟ್ ಹಾಕಿದ ಒಬ್ಬ ಹೆಂಗಸು ಅದರ ಪಕ್ಕದಲ್ಲೇ ಹಗ್ಗ ಹಿಡಿದು ಇಳಿಯುತ್ತಿದ್ದಳು.

"ಇದು ಕ್ಯಾನಿಯನಿಂಗ್ ಅಂತ ಅಕ್ಕಾ," ಎಂದಳು ಪವಿತ್ರ. "ಕೇರಳದ ಗಡಿ ಬೆಟ್ಟದಲ್ಲಿ. ಹಳ್ಳ ಹೆಂಗೆ ಹರೀತದೋ ಹಂಗೇ ಅದರ ಜೊತೆ ಕೆಳಕ್ಕೆ ಇಳಿಯೋದು. ಬಂಡೆ ಮೇಲೆ ಜಾರೋದು, ಮಡುವಿಗೆ ಹಾರೋದು. ಗೈಡುಗಳು ಜೊತೇಲಿರ್ತಾರೆ. ನಮ್ಮ ಹೊಸ ಮ್ಯಾನೇಜರಿಗೆ ಬೆಟ್ಟದ ಹುಚ್ಚು, ಅದಕ್ಕೆ ಸೇರಿಸವ್ರೆ. ಯಾರೂ ತಗೊಂಡಿಲ್ಲ."

"ನಾನು ತಗೋತೀನಿ," ಎಂದಳು ಮುನಿರತ್ನ.

ಮೂವತ್ತಾರು ವರ್ಷದಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಆರು ವರ್ಷದವಳಿದ್ದಾಗ ಅವಳನ್ನು ಕಾಡಂಚಿನ ನಾಟ್ರಾಂಪಾಳ್ಯದ ಅಜ್ಜಿಯ ಮನೆಗೆ ಆಡು ಮೇಯಿಸಲು ಅಟ್ಟಿದ್ದರು. ಆಮೇಲೆ ಹುಟ್ಟಿದ ತಮ್ಮ ಗಿರಿ ಬಾಗಲೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋದ. ಹದಿನಾರರವರೆಗೆ ಅವಳು ಆ ಕಾಡಿನ ಹಳ್ಳಗಳಲ್ಲಿ ಆಡಿನ ಹಿಂದೆ ಬಂಡೆ ಇಳಿದಳು, ಮಡುಗಳಲ್ಲಿ ಈಜಿದಳು. ಆಮೇಲೆ ರಾಯಕೋಟೆಗೆ ಮದುವೆ ಮಾಡಿಕೊಟ್ಟರು. ಮಕ್ಕಳಾಗಲಿಲ್ಲವೆಂದು ಗಂಡ ಮೂರೇ ವರ್ಷಕ್ಕೆ ಇನ್ನೊಬ್ಬಳನ್ನು ತಂದ. ಅಂದಿನಿಂದ ಬಾಗಲೂರಿನ ತವರುಮನೆ, ಹೊಸೂರಿನ ಫ್ಯಾಕ್ಟರಿ, ಎರಡು ಹೊತ್ತಿನ ಅಡುಗೆ. ನೀರಿಗೆ ಮೈ ಒಡ್ಡಿದ್ದು ಎಂದೋ, ಅವಳಿಗೇ ಮರೆತಿತ್ತು.

ಕರೆದುಕೊಂಡು ಹೋಗುವ ಗೈಡಿನ ಹೆಸರು ಹರಿಕೃಷ್ಣ. ಊಟದ ಬಿಡುವಿನಲ್ಲಿ ಅವಳೇ ಫೋನು ಮಾಡಿದಳು. ಎಷ್ಟು ಜನಕ್ಕೆ ಎಷ್ಟು ಗೈಡು ಎಂದು ಕೇಳಿದಳು. ಆರು ಜನಕ್ಕೆ ಇಬ್ಬರು ಎಂದ. ಮೇಲ್ಗಡೆ ಮಳೆ ಬಿದ್ದರೆ ಹಳ್ಳದೊಳಗಿರುವವರಿಗೆ ಗೊತ್ತಾಗುವುದು ಹೇಗೆ ಎಂದಳು. ಮೇಲಿನ ಹಳ್ಳಿಯಲ್ಲಿ ತಮ್ಮವನೊಬ್ಬ ಕಾಯುತ್ತಿರುತ್ತಾನೆ, ಮೋಡ ಕಂಡರೆ ಅವತ್ತು ಇಳಿಯುವುದೇ ಇಲ್ಲ ಎಂದ. ಹಗ್ಗ ಬಂಡೆಯ ಅಂಚಿಗೆ ಉಜ್ಜುವ ಕಡೆ ಏನು ಹಾಕುತ್ತೀರಿ ಎಂದಾಗ ಆ ಕಡೆಯವನು ನಕ್ಕುಬಿಟ್ಟ.

"ಅಕ್ಕಾ, ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಎಲ್ಲಿ ಕಲಿತಿರಿ?"

"ನಾವು ವಯರು ತಗಡಿಗೆ ಉಜ್ಜೋ ಕಡೆ ರಬ್ಬರಿನ ತೋಳು ತೊಡಿಸ್ತೀವಿ. ಹಗ್ಗಕ್ಕೂ ಅದೇ ಅಲ್ವಾ?"

"ನೀವು ಬನ್ನಿ ಅಕ್ಕಾ. ಇಲ್ಲಿರೋ ಮೂರು ಹಳ್ಳದಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟದ ಮೂರನೇದೇ ಸರಿ."

ಅವತ್ತು ಸಂಜೆ ಕಂಪನಿ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಾಗಲೂರು ಬರುವವರೆಗೂ ಖುಷಿಯಾಗಿದ್ದಳು.

ಆ ಖುಷಿ ಭಾನುವಾರದ ಕೋಳಿಸಾರಿನವರೆಗೆ ಬಾಳಿತು. ತಾಯಿ ಕದಿರಮ್ಮ ಬಡಿಸುತ್ತಿದ್ದಳು. ಆ ಮನೆಯಲ್ಲಿ ಕೋಳಿ ಕೊಯ್ದರೆ ಯಾವ ತುಂಡು ಯಾರ ತಟ್ಟೆಗೆ ಎಂಬುದು ಎಂದೋ ನಿಕ್ಕಿಯಾದ ಮಾತು. ಎರಡು ಕಾಲೂ ಗಿರಿಗೆ, ಎದೆ ಅಪ್ಪ ವೆಂಕಟಸ್ವಾಮಿಗೆ. ಮಾಲೂರಿನಿಂದ ಬಂದ ಸೊಸೆ ಸುಷ್ಮಾಗೆ ರೆಕ್ಕೆ, ಮುನಿರತ್ನಳಿಗೆ ಕತ್ತು. ಫ್ಯಾಕ್ಟರಿಯ ಸಂಬಳ ತರುವವಳು ಅವಳು, ಕತ್ತು ಮಾತ್ರ ಬದಲಾಗಲಿಲ್ಲ.

ಅವಳು ವಿಷಯ ಹೇಳಿದ್ದೇ ತಡ, ಕದಿರಮ್ಮ ಸೌಟು ಕೆಳಗಿಟ್ಟಳು.

"ಗಂಡ ಬಿಟ್ಟೋಳು ಪ್ಯಾಂಟು ತೊಟ್ಕೊಂಡು ಹಗ್ಗಕ್ಕೆ ನೇತಾಡುದ್ರೆ ಬಾಗಲೂರಲ್ಲಿ ಏನಂದಾರೇ?"

"ಬಾಗಲೂರಲ್ಲಿ ನೇತಾಡಲ್ಲ ಕಣಮ್ಮ. ಬೆಟ್ಟದಲ್ಲಿ."

"ಎಲ್ಲಿ, ತೋರ್ಸು," ಎಂದು ಗಿರಿ ಎಂಜಲು ಕೈಯನ್ನು ಮೇಲೆತ್ತಿ ಎಡಗೈಯಲ್ಲಿ ಅವಳ ಫೋನು ಕಿತ್ತುಕೊಂಡ. ಅವನು ಹೊಸೂರಿನಲ್ಲಿ ಬೈಕ್ ಶೋರೂಮಿನ ಮುಂದೆ ನಿಂತು ಬಂದವರಿಗೆ ಗಾಡಿ ಹೊಗಳುವ ಕೆಲಸದವನು, ಮನೆಗೆ ಬಂದರೆ ತನ್ನನ್ನೇ ಹೊಗಳಿಕೊಳ್ಳುತ್ತಿದ್ದ. "ಇದಾ? ಇದು ಸಕತ್ತಾಗದೆ. ನಾನೂ ಸುಷ್ಮಾನೂ ಹೋಗ್ತೀವಿ. ಮದ್ವೆಯಾಗಿ ವರ್ಸ ಆಯ್ತು, ಎಲ್ಗೂ ಹೋಗಿಲ್ಲ."

"ಅಕ್ಕಂಗೆ ಬಂದಿರೋದಲ್ವಾ ಅದು?" ಸುಷ್ಮಾ ಮೆಲ್ಲಗೆ ಅಂದಳು. "ನಾನೂ ಅಕ್ಕನೂ ಹೋಗ್ಬತ್ತೀವಿ."

"ನಿನ್ನ ಯಾರು ಕೇಳುದ್ರು?" ಎಂದಳು ಕದಿರಮ್ಮ. ಸುಷ್ಮಾ ಮುದ್ದೆ ಮುರಿಯತೊಡಗಿದಳು.

"ನಾನು ಆರ್ಸಿದ್ದು ಕಣೋ ಗಿರಿ. ನಾನೇ ಮಾತಾಡಿ ಎಲ್ಲಾ ಕೇಳ್ಕೊಂಡಿದೀನಿ," ಎಂದಳು ಮುನಿರತ್ನ.

"ಗಂಡನ್ನೇ ಹಿಡ್ಕೊಳಕ್ಕಾಗ್ಲಿಲ್ಲ, ಹಗ್ಗ ಹಿಡ್ಕೋತಾಳಂತೆ," ಎಂದ ಗಿರಿ.

ಕದಿರಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ಹೆತ್ತ ಮಗಳ ಬಾಳು ಮುರಿದದ್ದು ಅವಳಿಗೆ ಮಗನ ಬಾಯಲ್ಲಿ ಬಂದರೆ ತಮಾಷೆ. ವೆಂಕಟಸ್ವಾಮಿ ಮಾತ್ರ ನಗಲಿಲ್ಲ, ಮೂಳೆ ಚೀಪುತ್ತ ನ್ಯಾಯ ಹೇಳಿದ.

"ಕೊಟ್ಬುಡಮ್ಮಿ. ತಮ್ಮ ತಾನೆ."

"ನನ್ ಸ್ಕೂಟೀನೂ ತಮ್ಮ ತಾನೆ ಅಂತ ಅವನಿಗೆ ಕೊಡುಸ್ದೆ ನೀನು."

"ಮತ್ತೆ? ನಾಳೆ ನಿನ್ ಕೈಕಾಲು ಬಿದ್ದೋದ್ರೆ ನೀರು ಬಿಡೋನು ಯಾರು, ಆ ರಾಯಕೋಟೆಯೋನಾ?"

ಮುನಿರತ್ನ ಕತ್ತಿನ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದಳು. ನೀರು ಕುಡಿದು ಎದ್ದಳು. ಅಲ್ಲಿಗೆ ಪ್ರವಾಸ ಗಿರಿಯದಾಯಿತು.

ಆದರೆ ಬಹುಮಾನ ಅವಳ ಹೆಸರಿನಲ್ಲಿತ್ತು, ಅರ್ಜಿಯನ್ನು ಅವಳ ಫೋನಿನಿಂದಲೇ ತುಂಬಬೇಕಿತ್ತು. ಬುಧವಾರ ಸಂಜೆ ಗಿರಿ ಹಜಾರದ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಸುಷ್ಮಾ ಟೀ ಹಿಡಿದು ನಿಂತಿದ್ದಳು. ಮುನಿರತ್ನ ನೆಲದ ಮೇಲೆ ಕೂತು ಓದಿದಳು.

"ಮೂರು ಹಳ್ಳ ಅವೆ. ಮೊದಲನೇದು ಮೊಣಕಾಲುದ್ದ ನೀರು, ಹೊಸಬರಿಗೆ. ಎರಡನೇದ್ರಲ್ಲಿ ಸಣ್ಣಪುಟ್ಟ ಹಾರಾಟ. ಮೂರನೇದು ಅರವತ್ತಡಿ ಮೇಲಿಂದ ಬೀಳೋ ಅಬ್ಬಿ, ಕೆಳಗೆ ಆಳದ ಮಡು. ಈಜು ಬರ್ಲೇಬೇಕಂತೆ. ಒಂದ್ಸತಿ ಒಳಕ್ಕಿಳಿದ್ರೆ ನಡುವೆ ಹತ್ತೋ ದಾರಿ ಇಲ್ಲ."

"ಮೊದಲನೇದು ಮಕ್ಳಿಗೆ. ಯಾವ್ದಾದ್ರೂ ಒಂದು ಒತ್ತು, ತಲೆ ತಿನ್ಬೇಡ."

"ಈಜು ಬತ್ತದಾ ಅಂತ ಕೇಳವ್ರೆ."

ಗಿರಿ ಹೆಂಡತಿಯ ಕಡೆ ನೋಡಿದ. "ಬತ್ತದೆ ಅಂತ ಹಾಕು."

ಅವನಿಗೆ ಒಂಬತ್ತು ವರ್ಷವಾಗಿದ್ದಾಗ ನಾಟ್ರಾಂಪಾಳ್ಯದ ಜಾತ್ರೆಗೆಂದು ಬಂದು ಮಡುವಿಗೆ ಜಾರಿ ಬಿದ್ದಿದ್ದ. ಆಗಷ್ಟೆ ಗಂಡನ ಮನೆಗೆ ಹೋಗಿದ್ದ ಅವಳೂ ಬಂದಿದ್ದಳು. ಜುಟ್ಟು ಹಿಡಿದು ಎಳೆದು ಹಾಕಿದವಳು ಅವಳೇ. ಅಂದಿನಿಂದ ಅವನು ನೀರಿನ ತೊಟ್ಟಿಯಲ್ಲೂ ಕಾಲಿಟ್ಟವನಲ್ಲ. ಇದು ಅವರಿಬ್ಬರಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ನಿಜ ಹೇಳೋ. ಸುಳ್ಳು ಹಾಕ್ಬೇಡಿ ಅಂತ ಬರ್ದವ್ರೆ."

"ಬತ್ತದೆ ಅಂದ್ನಲ್ಲ. ಹೆಂಗಸ್ರ ತಾವ ಪರೀಕ್ಷೆ ಕೊಡ್ಬೇಕಾ ನಾನು?"

ಮುನಿರತ್ನ 'ಬರುತ್ತದೆ' ಎಂಬುದನ್ನು ಒತ್ತಿದಳು. ಆಮೇಲೆ, ಯಾರೂ ಕೇಳದೆ, ಯಾರಿಗೂ ತೋರಿಸದೆ, ಮೂರನೆಯ ಹಳ್ಳವನ್ನು ಒತ್ತಿದಳು.

ಅವನು ಸಾಯಲಿ ಎಂದು ಅವಳು ಬಯಸಲಿಲ್ಲ. ತೇಲುವ ಅಂಗಿ ಹಾಕುತ್ತಾರೆ, ಇಬ್ಬರು ಗೈಡುಗಳಿರುತ್ತಾರೆ, ಸಾಯುವುದಿಲ್ಲವೆಂದು ವಿಚಾರಿಸಿ ತಿಳಿದುಕೊಂಡವಳೇ ಅವಳು. ಅವನು ಹತ್ತು ಜನರ ಎದುರಿಗೆ ಅಳಬೇಕಿತ್ತು, ಅಷ್ಟು ಸಾಕಿತ್ತು.

ಮರುದಿನ ಹರಿಕೃಷ್ಣ ಫೋನು ಮಾಡಿದ. "ಅಕ್ಕಾ, ನಿಮ್ಮ ಹೆಸರಿಲ್ಲವಲ್ಲ? ತಮ್ಮನವರು ಹೇಗೆ, ಮೂರನೆಯದು ಆದೀತಾ?"

"ನನಗಿಂತ ಚೆನ್ನಾಗಿ ಈಜ್ತಾನೆ," ಎಂದಳು ಮುನಿರತ್ನ.

ಆದರೆ ಸುಷ್ಮಾ ಇದ್ದಳಲ್ಲ. ಇಪ್ಪತ್ತೆರಡರ ಹುಡುಗಿ. ಈ ಮನೆಗೆ ಬಂದ ಮೇಲೆ ಮುನಿರತ್ನಳ ಊಟದ ಡಬ್ಬಿ ತುಂಬುವವಳು, ಕಾಲು ಊದಿಕೊಂಡು ಬಂದರೆ ಬಿಸಿನೀರು ಕಾಯಿಸಿಡುವವಳು ಅವಳೊಬ್ಬಳೇ. ಅವಳು ಮಡುವಿನಲ್ಲಿ ನೀರು ಕುಡಿಯಬಾರದು ಎಂದು ಮುನಿರತ್ನಳಿಗೆ ಅನ್ನಿಸಿತು. ಮಧ್ಯಾಹ್ನದ ಶಿಫ್ಟಿನ ವಾರಗಳಲ್ಲಿ, ಬೆಳಗ್ಗೆ ಬಟ್ಟೆ ಒಗೆಯುವ ನೆಪದಲ್ಲಿ, ಮುತ್ತರಾಯಪ್ಪನ ತೋಟದ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋದಳು. ಮುತ್ತರಾಯಪ್ಪ ಆ ಹೊತ್ತಿಗೆ ಗುಲಾಬಿ ಹೇರಿಕೊಂಡು ಹೊಸೂರಿಗೆ ಹೋಗಿರುತ್ತಿದ್ದ. ಎಣ್ಣೆಯ ಖಾಲಿ ಕ್ಯಾನು ಸುಷ್ಮಾಳ ಬೆನ್ನಿಗೆ ಕಟ್ಟಿ ನೀರಿಗಿಳಿಸಿದಳು.

"ಹೊಟ್ಟೆ ಮೇಲೆತ್ತೇ. ಕತ್ತು ಸಡ್ಲ ಬಿಡು. ನಾನು ಹಿಡ್ಕೊಂಡಿದೀನಿ."

"ಬಿಟ್ಬುಡ್ಬೇಡಿ ಅಕ್ಕಾ."

"ಆಗ್ಲೇ ಬಿಟ್ಟೆ ಕಣೆ. ನೋಡು."

ಸುಷ್ಮಾ ನೋಡಿದಳು, ಗಾಬರಿಯಾದಳು, ಒಂದು ಗುಟುಕು ಕುಡಿದಳು, ಕೆಮ್ಮುತ್ತ ನಕ್ಕಳು. ಎರಡನೆಯ ವಾರಕ್ಕೆ ಕ್ಯಾನು ಬಿಚ್ಚಿದಳು. ಮೂರನೆಯ ವಾರಕ್ಕೆ ಆರನೇ ಮೆಟ್ಟಿಲಿನಿಂದ ಹಾರಿದಳು. ಆ ಬೆಳಗ್ಗೆಗಳಲ್ಲಿ ಮುನಿರತ್ನಳಿಗೆ ತನ್ನ ಮೈಯೇ ತನಗೆ ವಾಪಸ್ ಬಂದಂತಾಗಿತ್ತು.

"ಇವರಿಗೂ ಹೇಳ್ಲಾ ಅಕ್ಕಾ, ನಾನು ಕಲಿತೆ ಅಂತ?"

"ಬ್ಯಾಡ. ಅಲ್ಲಿಗೆ ಹೋದ್ಮೇಲೆ ನೋಡಿ ಖುಸಿ ಪಡ್ಲಿ."

ನವೆಂಬರಿನ ಎರಡನೆಯ ಗುರುವಾರ ಗಂಡ ಹೆಂಡತಿ ಹೊರಟರು. ಕದಿರಮ್ಮ ಮಗನಿಗೆ ದೃಷ್ಟಿ ತೆಗೆದಳು. ಗಿರಿ ಹೊಸ ಕರಿ ಕನ್ನಡಕ ಹಾಕಿಕೊಂಡು ಬೀದಿಯ ಕೊನೆಯವರೆಗೂ ಕೈ ಬೀಸಿದ.

ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನಕ್ಕೆ ಸಾಂಬಾರು ಹಾಕಿಸಿಕೊಳ್ಳುತ್ತಿದ್ದಾಗ ವಿಡಿಯೊ ಬಂತು. ಹಳ್ಳಕ್ಕೆ ಜೊತೆಗೆ ಇಳಿದ ಯಾರೋ ತೆಗೆದದ್ದು. ಕಂಪನಿಯ ಬಹುಮಾನದ ಪ್ರವಾಸವೆಂದು ಪವಿತ್ರ ಅದನ್ನು ಪೂರ್ತಿ ನೋಡದೆ ಫ್ಯಾಕ್ಟರಿಯವರೆಲ್ಲರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದಳು. ಮೊದಲು ಸುಷ್ಮಾ. ಕೆಂಪು ಹೆಲ್ಮೆಟ್, ಹಗ್ಗಕ್ಕೆ ಮೈ ಒಪ್ಪಿಸಿ, ಕಾಲು ಬಂಡೆಗೆ ಊರಿ, ಗೈಡು ಹೇಳಿಕೊಟ್ಟಂತೆ ಇಳಿದಳು. ಕೊನೆಯ ಹತ್ತಡಿಯನ್ನು ಮಡುವಿಗೆ ಹಾರಿದಳು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

ಆಮೇಲೆ ಗಿರಿ. ಮೇಲಿನ ಬಂಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ. ಹರಿಕೃಷ್ಣ ಕಿವಿಯ ಹತ್ತಿರ ಬಗ್ಗಿ ಏನೋ ಸಮಾಧಾನ ಹೇಳುತ್ತಿದ್ದ. ಅಮ್ಮಾ, ಅಮ್ಮಾ ಎಂಬ ಕೂಗು ನೀರಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಕಡೆಗೆ ಗೈಡುಗಳು ಅವನನ್ನು ಮೂಟೆ ಕಟ್ಟಿದಂತೆ ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟರು. ಕಣ್ಣು ಮುಚ್ಚಿಕೊಂಡು ಅಳುತ್ತಲೇ ಇಳಿದ. ಕೆಳಗೆ ಮಡುವಿನ ಅಂಚಿನ ಎದೆಮಟ್ಟ ನೀರಿನಲ್ಲಿ ನಿಂತ ಸುಷ್ಮಾ ಎರಡೂ ಕೈ ಮೇಲೆತ್ತಿ, "ಬನ್ನಿ, ಹೆದರ್ಬೇಡಿ, ನಾನು ಹಿಡ್ಕೋತೀನಿ ಬನ್ನಿ," ಎಂದು ಕೂಗುತ್ತಿದ್ದಳು.

ಮುನಿರತ್ನ ಅದನ್ನು ನಾಲ್ಕು ಸಲ ನೋಡಿದಳು. ಸಂಜೆ ಬಾಗಲೂರಿನ ಬೇಕರಿಯಲ್ಲಿ ಕಾಲು ಕೇಜಿ ಮೈಸೂರುಪಾಕು ತೆಗೆದುಕೊಂಡು, ಮನೆ ಸೇರುವ ಮೊದಲೇ ಅಷ್ಟನ್ನೂ ತಾನೊಬ್ಬಳೇ ತಿಂದಳು. ಎಷ್ಟೋ ವರ್ಷದ ಹೊಟ್ಟೆಯುರಿ ಅವತ್ತು ತಣ್ಣಗಾಗಿತ್ತು.

ಭಾನುವಾರ ಗಿರಿ ಬಂದವನು ಯಾರ ಮುಖವನ್ನೂ ನೋಡದೆ ಒಳಗೆ ಹೋದ. ವಿಡಿಯೊ ಫೋನಿನಿಂದ ಫೋನಿಗೆ ಬಾಗಲೂರಿಗೂ ಬಂದಿತ್ತು. ಸೋಮವಾರ ಟೀ ಅಂಗಡಿಯ ಹುಡುಗರು ಅವನನ್ನು ಕಂಡು ಎರಡೂ ಕೈ ಮೇಲೆತ್ತಿದರು: "ಬನ್ನಿ, ಹೆದರ್ಬೇಡಿ, ನಾನು ಹಿಡ್ಕೋತೀನಿ." ಶೋರೂಮಿನಲ್ಲೂ ಅದೇ ಪಾಠ. ಅಲ್ಲಿ ಹಲ್ಲು ಕಿರಿದು ನಕ್ಕು, ಮನೆಗೆ ಬಂದು ಸುಷ್ಮಾ ತಂದಿಟ್ಟ ತಟ್ಟೆಯನ್ನು ಗೋಡೆಗೆ ಎಸೆದ.

"ನೀರಲ್ಲಿ ನಿಂತ್ಕೊಂಡು ಗಂಡನ ಮುಂದೆ ಮೆರೆದವ್ಳು ಮಾಡಿದ ಅಡ್ಗೆ ನಂಗೆ ಬ್ಯಾಡ."

"ನೀವು ಹೆದರ್ಕೊಂಡಿದ್ರಿ, ಅದಕ್ಕೆ ಕೂಗ್ದೆ," ಎಂದಳು ಸುಷ್ಮಾ.

ಅದಕ್ಕೆ ಮೊದಲ ಏಟು ಬಿತ್ತು. ಅವನು ಹೆದರಿದ್ದ ಎನ್ನುವ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ದಿನಕ್ಕೊಂದು ಶಿಕ್ಷೆ. ಮುದ್ದೆ ಗಂಟಾಗಿದೆ ಎಂದು ಕದಿರಮ್ಮ ಮೂರು ಸಲ ಹೊಸದಾಗಿ ಮಾಡಿಸಿದಳು. ಸುಷ್ಮಾಳ ಫೋನು ವೆಂಕಟಸ್ವಾಮಿಯ ಜೇಬು ಸೇರಿತು. ಹತ್ತು ದಿನ ಹೀಗೆ ಕಳೆದ ಮೇಲೆ ಗುರುವಾರ ರಾತ್ರಿಯ ಊಟಕ್ಕೆ ಕೂತಾಗ ಗಿರಿ ಹೊಸ ಪ್ರಶ್ನೆ ತೆಗೆದ.

"ನಿಂಗೆ ಈಜು ಯಾರು ಕಲ್ಸಿದ್ದು?"

ಮುನಿರತ್ನ ಹುರುಳಿಸಾರು ಬಡಿಸುತ್ತಿದ್ದಳು. ಸುಷ್ಮಾ ಒಮ್ಮೆ ಅವಳ ಕಡೆ ನೋಡಿದಳು. ಹೇಳಿದರೆ ಅಕ್ಕನನ್ನು ಇವರು ಬಿಡುವುದಿಲ್ಲ ಎಂದು ಆ ಹುಡುಗಿಗೆ ಗೊತ್ತಿತ್ತು.

"ಚಿಕ್ಕೋಳಿದ್ದಾಗ್ಲೇ ಬತ್ತಿತ್ತು. ಮಾಲೂರಲ್ಲಿ."

"ಮದ್ವೆಗೆ ಮುಂಚೆ ಬಾವಿ ಬಾವಿ ಸುತ್ತುದ್ಯಾ? ಯಾವನು ಹಿಡ್ಕೊಂಡು ಕಲ್ಸುದ್ನೇ?"

"ಯಾರೂ ಇಲ್ಲ."

"ಯಾರೂ ಹಿಡೀದೆ ನೀರಲ್ಲಿ ತೇಲಕ್ಕೆ ನೀನೇನು ಮೀನಾ?" ಕದಿರಮ್ಮ ಮೂಗು ಮುರಿದಳು. "ಗಂಡನ್ಗೆ ಒಂದು ವರ್ಸ ಬಚ್ಚಿಟ್ಟವ್ಳೆ. ಇನ್ನೇನೇನು ಬಚ್ಚಿಟ್ಟವ್ಳೋ."

ಸುಷ್ಮಾ ಮತ್ತೊಮ್ಮೆ ಮುನಿರತ್ನಳ ಕಡೆ ನೋಡಿದಳು. ನಾನು ಕಲಿಸಿದೆ ಎಂಬ ಎರಡು ಮಾತು ಸಾಕಿತ್ತು. ಅದು ಮುನಿರತ್ನಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕಲಿಸಿದ್ದು ಯಾಕೆ ಎಂದು ಕೇಳುತ್ತಾರೆ, ಆಮೇಲೆ ಮೂರನೆಯ ಹಳ್ಳ ಒತ್ತಿದ್ದು ಯಾರೆಂದು ಕೇಳುತ್ತಾರೆ. ಅವಳು ಸೌಟು ಅದ್ದಿ ಅಪ್ಪನ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

ಗಿರಿ ಎದ್ದು ಹೆಂಡತಿಯ ಜಡೆಗೆ ಕೈ ಹಾಕಿದ. ವೆಂಕಟಸ್ವಾಮಿ ಸಾರು ಸುರಿದುಕೊಂಡು ಮುಗಿಸಿ, ಕೈ ತೊಳೆದು ಬಂದು ತೀರ್ಮಾನ ಹೇಳಿದ. "ಸ್ವಲ್ಪ ದಿನ ಅವರಪ್ಪನ ಮನೇಲಿರ್ಲಿ. ಕರ್ಸ್ಕೊಳೋದೋ ಬ್ಯಾಡ್ವೋ ಆಮೇಲೆ ನೋಡಾನ."

ಆ ಮಾತಿನ ಅರ್ಥ ಮುನಿರತ್ನಳಿಗೆ ಗೊತ್ತಿದ್ದಷ್ಟು ಆ ಮನೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ರಾಯಕೋಟೆಯ ಮಾವನೂ ಇದನ್ನೇ ಅಂದಿದ್ದ.

ಶನಿವಾರ ಬೆಳಗ್ಗೆ ಸುಷ್ಮಾಳನ್ನು ಮಾಲೂರಿನ ಬಸ್ಸು ಹತ್ತಿಸುವ ಕೆಲಸವನ್ನೂ ಮುನಿರತ್ನಳಿಗೇ ಹಚ್ಚಿದರು. ದಾರಿಯಲ್ಲವೇ, ಹಾಗೇ ಡ್ಯೂಟಿಗೆ ಹೋಗು ಎಂದಳು ಕದಿರಮ್ಮ. ನಿಲ್ದಾಣದಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಸುಷ್ಮಾಳ ತುಟಿ ಒಡೆದು ಒಣಗಿತ್ತು. ಮುನಿರತ್ನ ಬನ್ನು ತಂದುಕೊಟ್ಟಳು, ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು.

"ಅಕ್ಕಾ, ಅವರಿಗೆ ಈಜು ಬರಲ್ಲ ಅಂತ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಮುನಿರತ್ನಳಿಗೆ ಅಷ್ಟು ಧೈರ್ಯ ಬರಲಿಲ್ಲ.

"ಗೊತ್ತಿತ್ತು."

"ಮೂರನೇದನ್ನ ಆರ್ಸಿದ್ದು ನೀವೇನಾ?"

"ಹೂಂ."

"ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತು," ಎಂದಳು ಸುಷ್ಮಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಮುನಿರತ್ನಳಿಗೆ ಕೇಳುವುದು ಇನ್ನೂ ಕಷ್ಟವಾಯಿತು. "ನಂಗೆ ಭಯ ಆಗ್ತದೆ, ನಾನೊಲ್ಲೆ ಅಂತ ಮೇಲೇ ಅತ್ತುಬುಡ್ತಿದ್ದೆ. ಹೆಂಡ್ತಿ ಹೆದರುದ್ಲು ಅಂತ ಅವರೂ ನಗ್ತಾ ವಾಪಸ್ ಬರ್ತಿದ್ರು. ನೀವು ಹೇಳ್ಲಿಲ್ಲ. ಚೆನ್ನಾಗಿ ಹಾರೋದನ್ನ ಮಾತ್ರ ಹೇಳ್ಕೊಟ್ರಿ."

ಮುನಿರತ್ನ ಅವಳ ಬಟ್ಟೆಯ ಚೀಲಕ್ಕೆ ಕೈ ಹಾಕಿದಳು. ತಾನು ಬಂದು ಎಲ್ಲರ ಮುಂದೆ ಹೇಳುತ್ತೇನೆ, ಈಗಲೇ ವಾಪಸ್ ನಡಿ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಫ್ಯಾಕ್ಟರಿಯ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಅವಳ ಕಾಲು ತಾನಾಗೇ ಎದ್ದು ನಿಂತಿತು. ಎಂಟು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವಳಲ್ಲ.

"ಊರಲ್ಲಿ ಚೆನ್ನಾಗಿ ನೋಡ್ಕೋತಾರಾ?" ಎಂದು ನಿಂತೇ ಕೇಳಿದಳು.

"ನೋಡ್ಕೋತಾರೆ," ಎಂದಳು ಸುಷ್ಮಾ. "ನಮ್ಮಣ್ಣಂಗೆ ಈ ಬೇಸಿಗೇಲಿ ತಾನೆ ಮದ್ವೆ ಆಯ್ತಲ್ಲ. ಅತ್ತಿಗೆ ಕೆಲಸಕ್ಕೆ ಹೋಗ್ತಾಳೆ. ನಿನ್ನೆ ಮಾವ ಫೋನು ಮಾಡಿ ಕೊಟ್ಟಾಗ, ಬಾ, ಎರಡು ಹೊತ್ತಿನ ಅಡ್ಗೆಗೆ ಮನೇಲಿ ಒಂದಾಳು ಬೇಕಾಗಿತ್ತು ಅಂದ್ಳು ನಮ್ಮಮ್ಮ."